ಮಲೆನಾಡಿನ ಮೃಗಯೆಯಲ್ಲಿ ಕುದುರೆ, ಹೇಸರಗತ್ತೆ ಮತ್ತು ಕಾಲಾಳು

೧

ಶಿವಮೊಗ್ಗೆಯ ಜಿಲ್ಲೆಯಲ್ಲಿ ಶಿಕಾರಿಪುರವೆಂಬ ಪ್ರಸಿದ್ಧವಾದ ಊರುಂಟು. ಕೆಳದಿಯ ಅರಸರ ಕಾಲದಲ್ಲಿ ಈ ಊರಿಗೆ ಮಹಾದಾನಪುರವೆಂಬ ಹೆಸರಿದ್ದಿತೆಂದೂ, ಬಳಿಕ ಹೈದರಾಲಿಯೋ ಟೀಪು ಸುಲ್ತಾನನೋ ಬೇಟೆಗೆಂದು ಇಲ್ಲಿ ಬೀಡುಬಿಟ್ಟಿದ್ದಾಗ ಸುತ್ತಣ ಕಾಡುಗಳಲ್ಲಿ ಮೃಗಗಳು ಯಥೇಚ್ಛವಾಗಿ ದೊರೆತುದರಿಂದ ಈಗಿನ ಹೆಸರು ಬಂದಿತೆಂದೂ ಲೂಯಿ ರೈಸರವರ ಮೈಸೂರು ಗ್ಯಾಸೆಟಿಯರು ತಿಳಿಸುವುದು. ಇದು ಐತಿಹ್ಯವೇ ಆದರೂ ಹೆಸರಿನ ರೂಪವು ಇದಕ್ಕೆ ಅನುಕೂಲವಾಗಿಯೇ ಇದೆ. ‘ಪುರ’ವು ಸಂಸ್ಕೃತ, ‘ಶಿಕಾರಿ’ಯು ಪಾರಸಿ, ಕನ್ನಡ ನಾಡಿನ ಊರೊಂದರ ಹೆಸರಿನಲ್ಲಿ ಬೇಟೆಯನ್ನು ಸೂಚಿಸುವ ಕನ್ನಡ ಶಬ್ದಕ್ಕೇ ಎಡೆಯಿಲ್ಲದೆ ಹೋಗಿರುವುದು ಗಮನಿಸತಕ್ಕ ವಿಷಯವಾಗಿದೆ.

ಇಂತಹ ಹೆಸರನ್ನು ಕೇಳಿದೊಡನೆ ಓದುಗರ ಮನಸ್ಸಿನಲ್ಲಿ ಮೂಡುವ ಚಿತ್ರವು ಒಂದೇ ಬಗೆಯದು: ಮುಂದೆ ನೆಗೆನೆಗೆದು ಓಡುವ ಜಿಂಕೆ, ಹಿಂದೆ ಕುದುರೆಯನ್ನೇರಿ ಬಿಲ್ಲನ್ನೋ ಈಟಿಯನ್ನೋ ಹಿಡಿದು ಅಟ್ಟಿಬರುವ ಅರಸು. ಕಾವ್ಯಗಳನ್ನು ಓದಿ ಬಲಪಟ್ಟ ಈ ಚಿತ್ರವನ್ನು ಪಾಠ ಹೇಳುವವರೂ ಪ್ರಶ್ನಿಸದೆ ಮುಂದುವರಿಸುತ್ತ ಬಂದಿರುವರು. ಆದರೆ ಹಳ್ಳಕೊಳ್ಳಗಳಿಂದಲೂ ಬಿದಿರುಮೆಳೆಗಳಿಂದಲೂ ತುಂಬಿದ ಮಲೆಯಲ್ಲಿ ಕುದುರೆಯು ಜಿಂಕೆಯನ್ನು ಅಟ್ಟಬಲ್ಲುದೇ? ಅಟ್ಟಲಾರದಾದರೆ, ಕೊಂದ ಮೃಗವನ್ನಾದರೂ ಹೊತ್ತು ತರುತ್ತಿದ್ದಿತೇ? ಅದೂ ಇಲ್ಲವಾದರೆ ಆ ಕೆಲಸವು ಯಾರ ಹೆಗಲಿಗೆ ಬಿದ್ದಿತು? ಈ ಮೂರು ಪ್ರಶ್ನೆಗಳನ್ನು ಶಾಸ್ತ್ರ, ಕಾವ್ಯ, ಶಿಲ್ಪ, ಶಾಸನ, ನುಡಿ ಇವುಗಳ ಸಾಕ್ಷ್ಯದಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ವಿಚಾರಕ್ಕೆ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮೃಗಯೆಯಲ್ಲಿ ವಾಹನಪ್ರಾಣಿಗೆ ಎರಡು ಪ್ರಯೋಜನಗಳುಂಟು. ಮೃಗವನ್ನು ಅಟ್ಟುವುದು ಒಂದು. ಬೇಟೆಗಾರನ ಸಾಮಗ್ರಿಯನ್ನೂ ಸತ್ತ ಮೃಗವನ್ನೂ ಹೊರುವುದು ಇನ್ನೊಂದು. ಸ್ಕಾಟ್ಲೆಂಡಿನ ಬೆಟ್ಟಗಾಡಿನಲ್ಲಿ ಬೇಟೆಗಾರರು ಕಾಲುನಡಗೆಯಿಂದಲೇ ಹೊಂಚಿಹೋಗಿ ಸಾರಂಗವನ್ನು ಹೊಡೆದು, ಅದನ್ನು ಗಿಡ್ಡಜಾತಿಯ ಬೆಟ್ಟಗುದುರೆಯ ಬೆನ್ನಿಗೆ ಬಿಗಿದು ಕೆಳಗಿಳಿಸುವ ಪದ್ಧತಿಯುಂಟು. ಅಮೆರಿಕೆಯ ಪಶ್ಚಿಮದ ಪರ್ವತಗಳಲ್ಲಿ ಕುದುರೆಗಳ ಜೊತೆಗೆ ಹೇಸರಗತ್ತೆಗಳೂ ಬೀಡಿನ ಸಾಮಾನನ್ನು ಒಳಗಾಡಿಗೆ ಒಯ್ದು ಮಾಂಸವನ್ನು ಹೊತ್ತು ಹಿಂದಿರುಗುವುವು. ಅಲ್ಲಿ ಈ ಪ್ರಾಣಿಗಳ ಮುಖ್ಯವಾದ ಕೆಲಸವು ಎರಡನೆಯದೇ. ನಮ್ಮ ಕಾವ್ಯಗಳಾದರೋ ಮೊದಲನೆಯದನ್ನೇ ಕೊಂಡಾಡಿ ಎರಡನೆಯದರ ವಿಷಯದಲ್ಲಿ ಮೌನವಾಗಿರುವುವು. ಆ ಮೌನದಲ್ಲಿ ಅಡಗಿರುವುದೇನೆಂಬುದನ್ನು ನೋಡಬೇಕಾಗಿದೆ.

೨

ಮೊದಲು ಶಾಸ್ತ್ರಗಳನ್ನು ನೋಡುವುದು ಯುಕ್ತ. ಮನುವು ಕಾಮಜವಾದ ಹತ್ತು ವ್ಯಸನಗಳಲ್ಲಿ ಮೃಗಯೆಯನ್ನೇ ಮೊದಲು ಎಣಿಸಿರುವನು. ಕೌಟಿಲ್ಯನು ವ್ಯಸನಗಳ ತಾರತಮ್ಯವನ್ನು ವಿಚಾರಿಸುವಲ್ಲಿ, ದ್ಯೂತಕ್ಕಿಂತ ಮೃಗಯೆಯೇ ಕೆಟ್ಟದ್ದೆಂಬ ಪಿಶುನನ ಮತವನ್ನು ಅಂಗೀಕರಿಸದೆ, ಮೃಗಯೆಯಿಂದ ವ್ಯಾಯಾಮವಾಗುವುದು, ಕಫಪಿತ್ತಮೇದಸ್ಸುಗಳು ಕ್ಷಯಿಸುವುವು, ನಿಂತ ಗುರಿಯನ್ನೂ ಚಲಿಸುವ ಗುರಿಯನ್ನೂ ಹೊಡೆಯುವ ಅಭ್ಯಾಸವು ಲಭಿಸುವುದು, ಕೋಪಭಯಗಳಲ್ಲಿ ಮೃಗಗಳ ಚಿತ್ತವು ಹೇಗಿರುವುದೆಂಬುದು ತಿಳಿಯುವುದು ಎಂದು ಗುಣಗಳನ್ನು ಹೇಳಿರುವನು. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯನ್ನು ಹೊಗಳುವ ಮಾತುಗಳು ಈ ವಿಚಾರಸರಣಿಗೆ ತೀರ ಸಮೀಪದಲ್ಲಿರುವುದನ್ನು ಸಂಸ್ಕೃತಜ್ಞರು ಬಲ್ಲರು.

ಆದರೆ ಶಾಸ್ತ್ರವು ವಿಧಿಸುವ ವನವು ಎಂತಹುದು? ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜನ ವಿಹಾರಕ್ಕಾಗಿ ಮಾಡಿಸಬೇಕಾದ ಮೃಗವನದ ಲಕ್ಷಣವನ್ನು ಹೇಳಿದೆ. ಅದಕ್ಕೆ ಒಂದೇ ಬಾಗಿಲು; ಸುತ್ತಲೂ ಕಂದಕ; ಒಳಗೆ ಸಿಹಿಹಣ್ಣಿನ ಪೊದೆಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ನೀರಿನ ತಾಣಗಳು, ಪಳಗಿದ ಮೃಗಗಳು; ಕ್ರೂರಮೃಗಗಳಿಗೆ ಉಗುರುಹಲ್ಲುಗಳನ್ನು ಮುರಿದಿರಬೇಕು. ಕಾಮಂದಕನ ನೀತಿಸಾರದಲ್ಲಿಯೂ ರಾಜನ ಬೇಟೆಗೆ ವಿಶೇಷವಾಗಿ ಸಂಸ್ಕರಿಸಿದ ವನವೇ ವಿಹಿತವಾಗಿರುವುದು. ಅಂದರೆ ಶಾಸ್ತ್ರಕಾರರ ಬೇಟೆಯ ಕಾಡು ತಾನಾಗಿ ಬೆಳೆದ ಕಾಡಲ್ಲ. ಅರಸನಿಗೂ ಅವನ ವಾಹನಕ್ಕೂ ಅಪಾಯವಾಗದಂತೆ ಸಜ್ಜುಗೊಳಿಸಿದ ಬಯಲು. ಮುಳ್ಳನ್ನು ಕಿತ್ತು ದಾರಿಯನ್ನು ಸವರುವ ಕೆಲಸವನ್ನು ಯಾರೋ ಮೊದಲೇ ಮಾಡಿ ಮುಗಿಸಿರಬೇಕೆಂಬುದು ಈ ವಿಧಿಗಳಿಂದಲೇ ಸಿದ್ಧವಾಗುವುದು.

ಕಾಳಿದಾಸನು ಈ ಸಂಗತಿಯನ್ನು ಮರೆಯಲಿಲ್ಲ. ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನು ಬೇಟೆಗೆ ಹೋಗುವ ಕಾಡನ್ನು ವರ್ಣಿಸುವಾಗ, ನಾಯಿಗಳನ್ನು ಹಿಡಿದವರೂ ಬಲೆಗಾರರೂ ಅದನ್ನು ಮೊದಲೇ ಹೊಕ್ಕಿದ್ದರೆಂದೂ, ಕಾಳ್ಗಿಚ್ಚಿನ ಮತ್ತು ಕಳ್ಳರ ಭಯವು ನೀಗಿದ್ದಿತೆಂದೂ, ನೆಲವು ಕುದುರೆಯ ಗೊರಸಿಗೆ ಗಟ್ಟಿಯಾಗಿದ್ದಿತೆಂದೂ ಸ್ಪಷ್ಟವಾಗಿ ತಿಳಿಸಿರುವನು. ಶಾಕುಂತಲದ ಆರಂಭದಲ್ಲಿಯೂ, ನೆಲವು ಏರುತಗ್ಗಾಗಿದ್ದುದರಿಂದ ರಥದ ವೇಗವನ್ನು ಕುಗ್ಗಿಸಬೇಕಾಯಿತೆಂದೂ, ಆದುದರಿಂದಲೇ ಮೃಗವು ದೂರವಾಯಿತೆಂದೂ, ಈಗ ಸಮಭೂಮಿಯು ಬಂದುದರಿಂದ ಅದು ಸಿಕ್ಕುವುದು ಕಷ್ಟವಲ್ಲವೆಂದೂ ಸೂತನು ದುಷ್ಯಂತನಿಗೆ ಹೇಳುವನು. ದುಷ್ಯಂತನು ಅಟ್ಟಿದ ಆ ಮೃಗವಾದರೂ ಯಾವುದು? ಕೃಷ್ಣಸಾರ, ಬಯಲಿನಲ್ಲಿ ಮೇಯುವ, ಬಯಲಿನಲ್ಲಿಯೇ ಓಡಿ ಪ್ರಾಣವನ್ನುಳಿಸಿಕೊಳ್ಳುವ ಜಾತಿ. ಕುದುರೆಯ ಬೇಟೆಯ ಕಾವ್ಯಸಂಪ್ರದಾಯವು ಈ ಬಯಲಿನ ಮೃಗದ ಮೇಲೆ ನಿಂತಿದೆಯೆಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

೩

ಕನ್ನಡ ಕವಿಗಳಿಗೆ ಬೇಟೆಯ ವರ್ಣನೆಯು ಪ್ರಿಯವಾದ ವಸ್ತು. ದಂಡಿಯು ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳ ಪಟ್ಟಿಯಲ್ಲಿ ಮೃಗಯೆಯು ಇಲ್ಲ. ಹದಿನಾಲ್ಕನೆಯ ಶತಮಾನದ ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಅದು ಎಣಿಕೆಗೆ ಸೇರಿದೆ. ಆದರೆ ಲಕ್ಷಣಕಾರನ ಅಪ್ಪಣೆಗೆ ಕನ್ನಡ ಕವಿಗಳು ಕಾದಿರಲಿಲ್ಲ. ಕ್ರಿ. ಶ. ೯೪೧ರ ಪಂಪಭಾರತದಲ್ಲಿಯೇ ಖಾಂಡವದಹನಕ್ಕೆ ಮೊದಲು ಅರ್ಜುನನೂ ಕೃಷ್ಣನೂ ಬೇಟೆಯಾಡುವ ಪ್ರಸಂಗವು ವಿಸ್ತಾರವಾಗಿ ಬಂದಿರುವುದು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನ ಬೇಟೆಯು ಕಥೆಯ ತಿರುವಿಗೇ ಕಾರಣವಾಗಿದೆ. ಬೇಡರೂ ನಾಯಿಗಳೂ ಬಲೆಗಳೂ ಅಲ್ಲಿ ಅರಸನಷ್ಟೇ ಎದ್ದು ಕಾಣುವುವು.

ಈ ವಿಚಾರಕ್ಕೆ ಅತ್ಯಂತ ಉಪಯುಕ್ತವಾದ ಗ್ರಂಥವು ಕಾದಂಬರಿ. ಬಾಣನ ಮೂಲದಲ್ಲಿಯೂ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದನೆಯ ನಾಗವರ್ಮನು ರಚಿಸಿದ ಕರ್ಣಾಟಕ ಕಾದಂಬರಿಯಲ್ಲಿಯೂ, ಎರಡು ಬೇಟೆಗಳು ಇವೆ. ಒಂದು ಚಂದ್ರಾಪೀಡನದು: ಇಂದ್ರಾಯುಧವೆಂಬ ಅಪೂರ್ವವಾದ ಕುದುರೆಯನ್ನೇರಿದ ರಾಜಪುತ್ರನದು. ಇನ್ನೊಂದು ವಿಂಧ್ಯಾಟವಿಯ ಶಬರರದು: ನಾಯಿಗಳನ್ನು ಕೂಡಿಕೊಂಡು ಕಾಲುನಡಗೆಯಿಂದಲೇ ಕಾಡನ್ನು ಕಲಕುವ ಮಾತಂಗಕನ ಪಡೆಯದು. ಕುದುರೆಯ ವೇಗವು ಚಂದ್ರಾಪೀಡನನ್ನು ಕಿನ್ನರಮಿಥುನದ ಬೆನ್ನಟ್ಟಿಸಿ ದಾರಿತಪ್ಪಿಸಿ ಅಚ್ಛೋದಸರಸ್ಸಿನ ತೀರಕ್ಕೆ ಒಯ್ಯುವುದು. ಪರಿವಾರವು ಹಿಂದೆಯೇ ಉಳಿಯುವುದು. ಶಬರರಾದರೋ ದಾರಿತಪ್ಪುವುದಿಲ್ಲ, ಕಾಡೇ ಅವರ ಮನೆ. ಒಂದೇ ಕಾವ್ಯದಲ್ಲಿ ಅಕ್ಕಪಕ್ಕದಲ್ಲಿರುವ ಈ ಎರಡು ಚಿತ್ರಗಳಲ್ಲಿ ಮೊದಲನೆಯದು ರಸಿಕರ ಮೆಚ್ಚಿಗೆಗೆ ಪಾತ್ರವಾಯಿತು. ಎರಡನೆಯದು ಕ್ರೌರ್ಯದ ನಿದರ್ಶನವಾಗಿ ಉಳಿಯಿತು. ಆದರೆ ನಿಜವಾದ ಮಲೆಯ ಬೇಟೆಯ ಕ್ರಮವನ್ನು ತಿಳಿಯಬಯಸುವವನಿಗೆ ಎರಡನೆಯದೇ ಹೆಚ್ಚು ಪ್ರಮಾಣವಾಗಿರುವುದು.

ರಾಜರೇ ಬರೆದ ಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಪ್ರಸಿದ್ಧವಾದುದು. ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರೂ ಇದಕ್ಕುಂಟು. ಶಕ ೧೦೫೧, ಎಂದರೆ ಕ್ರಿ. ಶ. ೧೧೨೯ರ ಈ ಗ್ರಂಥದಲ್ಲಿ ಐದು ವಿಂಶತಿಗಳಾಗಿ ನೂರು ಅಧ್ಯಾಯಗಳಿವೆ. ಅದರ ವಿನೋದಭಾಗದಲ್ಲಿ ವಾಜಿವಾಹ್ಯಾಲೀ ಎಂಬ ಕುದುರೆಯ ವಿನೋದವೂ ಮೃಗಯಾವಿನೋದವೂ ಬೇರೆಬೇರೆಯಾಗಿ ನಿರೂಪಿತವಾಗಿರುವುವು. ಸಮಗೊಳಿಸಿದ ನೆಲದಲ್ಲಿ ಕುದುರೆಯ ಗತಿಭೇದಗಳನ್ನು ಮೆರಸುವುದು ಒಂದು ವಿದ್ಯೆ. ಮೃಗವನ್ನು ಕೊಲ್ಲುವುದು ಇನ್ನೊಂದು. ಮೃಗಯೆಯ ಪ್ರಕಾರಗಳಲ್ಲಿ ಪಳಗಿದ ಮೃಗವನ್ನು ಒಡ್ಡಿ ಕಾಡಮೃಗವನ್ನು ಸೆಳೆಯುವುದೂ ಸೇರಿದೆ. ಈ ಪಳಗಿದ ಮೃಗಕ್ಕೆ ಕನ್ನಡದಲ್ಲಿ ‘ದೀವ’ವೆಂದು ಹೆಸರು. ದೀವದ ಬೇಟೆಗೆ ಓಟ ಬೇಕಿಲ್ಲ, ತಾಳ್ಮೆ ಬೇಕು. ಕುದುರೆಯ ಗೊರಸಿನ ಸದ್ದು ಅಲ್ಲಿ ಕೇಡೇ ಹೊರತು ನೆರವಲ್ಲ.

೪

ಕುದುರೆಯು ಕರ್ಣಾಟಕಕ್ಕೆ ಬಂದ ಬಗೆಯನ್ನೂ ನೋಡಬೇಕು. ಶಿಕಾರಿಪುರದ ಸೀಮೆಯಲ್ಲಿ ದೊರೆತ ಹನ್ನೊಂದನೆಯ ಶತಮಾನದ ಅಯ್ಯಾವೊಳೆ ಐನೂರ್ವರ ಶಾಸನವು ಆ ವರ್ತಕರು ವ್ಯವಹರಿಸುತ್ತಿದ್ದ ವಸ್ತುಗಳಲ್ಲಿ ಉತ್ತಮವಾದ ಆನೆಗಳನ್ನೂ ಒಳ್ಳೆಯ ತಳಿಯ ಕುದುರೆಗಳನ್ನೂ ರತ್ನಗಳೊಡನೆ ಎಣಿಸುವುದು. ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ತುಗೀಸರ ದುಆರ್ತೆ ಬಾರ್ಬೋಸನು ಹೊರಮುಜಿನ ಹಡಗುಗಳು ಭಟ್ಕಳದಲ್ಲಿ ಕುದುರೆಗಳನ್ನು ಇಳಿಸುತ್ತಿದ್ದುದನ್ನು ತಿಳಿಸಿರುವನು. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜನು ಬರೆದಿರುವನು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಬಹುದು. ಕಡಲಾಚೆಯಿಂದ ಕುದುರೆಗಳು ಬಹಳವಾಗಿ ಬರುತ್ತಿದ್ದುವೆಂಬಲ್ಲಿ ಸಂಶಯವಿಲ್ಲ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನು ನಡಸಿತರುವ ಪರದೇಶೀಯರ ಚಿತ್ರಗಳೂ ಬೇಟೆಯ ಚಿತ್ರಗಳೂ ಇಂದಿಗೂ ಕಾಣುವುವು.

ಹೀಗೆ ಹೊನ್ನನ್ನು ಸುರಿದು ತಂದ ಪ್ರಾಣಿಯನ್ನು ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೋ ಪೋಲೋ ತಮಿಳು ತೀರದ ನಾಡನ್ನು ಕುರಿತು ಬರೆಯುತ್ತ, ಅಲ್ಲಿ ಕುದುರೆಗಳು ಬಾಳುವುದಿಲ್ಲವೆಂದೂ ಪ್ರತಿವರ್ಷವೂ ಹೊಸದಾಗಿ ಕೊಳ್ಳುವರೆಂದೂ ಹೇಳಿರುವನು. ಕನ್ನಡದಲ್ಲಿ ಅಶ್ವವೈದ್ಯದ ಗ್ರಂಥಗಳು ಹುಟ್ಟಿದ್ದಕ್ಕೆ ಈ ಬೆಲೆಯೂ ಈ ಭಯವೂ ಕಾರಣಗಳಾಗಿರಬೇಕು. ಸುಮಾರು ಕ್ರಿ. ಶ. ೧೪೦೦ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ೧೬೨೭ರಲ್ಲಿ ಪದ್ಮಣಪಂಡಿತನು ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಹಯಸಾರಸಮುಚ್ಚಯವನ್ನು ರಚಿಸಿದನು. ಇಷ್ಟು ಬೆಲೆಯ ಪ್ರಾಣಿಯನ್ನು ಯುದ್ಧಕ್ಕೂ ಉತ್ಸವಕ್ಕೂ ಮೀಸಲಿಡುವುದು ಸಹಜ. ಕಡವೆಯನ್ನು ಅಟ್ಟುವುದಕ್ಕೆಂದು ಬಿದಿರುಮೆಳೆಗೆ ನುಗ್ಗಿಸಿ ಕಾಲು ಮುರಿಸಿಕೊಳ್ಳುವುದು ಸಹಜವಲ್ಲ.

೫

ಈಗ ನೆಲದ ಕಡೆಗೆ ತಿರುಗಬಹುದು. ಶಿವಮೊಗ್ಗೆಯ ವಿದ್ಯಾನಗರದ ಎಡೆಯಲ್ಲಿ ನಿಂತು ನೋಡುವವನಿಗೆ ಎರಡು ನಾಡುಗಳ ಮೇರೆಯು ಅನುಭವಕ್ಕೆ ಬರುವುದು. ಒಂದು ಕಡೆಗೆ, ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯನ್ನು ಹಾದು, ನೆಲವು ಬಯಲುಸೀಮೆಯತ್ತ ಹರಡಿಕೊಳ್ಳುವುದು. ಇನ್ನೊಂದು ಕಡೆಗೆ ತುಂಗೆಯ ಜಾಡನ್ನು ಹಿಡಿದು ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ ಎಂದು ಹೋದಂತೆಲ್ಲ ಕಾಡು ಒತ್ತಾಗುತ್ತ ಮಳೆಯು ಹೆಚ್ಚುತ್ತ ಹೋಗುವುದು. ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದು. ಶಿವಮೊಗ್ಗೆಯಲ್ಲಿ ಅದರ ಐದನೆಯ ಒಂದು ಪಾಲೂ ಇಲ್ಲ. ನಾಲ್ಕು ತಿಂಗಳು ನೆನೆದ ಆ ಮಲೆಯ ಮಣ್ಣಿನಲ್ಲಿ ಗೊರಸು ಹೂಳುವುದು. ಜಿಗಣೆಯ ಕಾಟವು ಬೇರೆ.

ಮೃಗಗಳ ಜಾತಿಯೂ ನೆಲಕ್ಕೆ ತಕ್ಕಂತೆ ಭಿನ್ನವಾಗಿದೆ. ಅಮರಕೋಶದ ಸಿಂಹಾದಿವರ್ಗದಲ್ಲಿ ಕೃಷ್ಣಸಾರ, ರುರು, ನ್ಯಂಕು, ಶಂಬರ, ಪೃಷತ, ಏಣ ಮೊದಲಾಗಿ ಅನೇಕ ಮೃಗಭೇದಗಳನ್ನು ಒಂದೇ ಸಾಲಿನಲ್ಲಿ ಹೇಳಿದೆ. ಬಾಯಿಪಾಠ ಮಾಡಿದವನಿಗೆ ಅವೆಲ್ಲವೂ ಒಂದೇ ಕಾಡಿನವೆಂಬ ಭ್ರಾಂತಿಯುಂಟಾಗಬಹುದು. ವಸ್ತುತಃ ಕೃಷ್ಣಮೃಗವು ಬಯಲಿನದು; ಶಿವಮೊಗ್ಗೆಯ ಉತ್ತರಕ್ಕಿರುವ ರಾಣೆಬೆನ್ನೂರಿನ ಹುಲ್ಲುಗಾವಲುಗಳೇ ಇಂದಿಗೂ ಅದರ ನೆಲೆ. ಇಂದಿನ ಪ್ರಾಣಿಶಾಸ್ತ್ರಜ್ಞರು ಅದನ್ನು, ಕೊಂಬನ್ನು ಉದುರಿಸದ ಕಾರಣ, ಜಿಂಕೆಯ ಕುಲದಿಂದ ಬೇರೆಯಾಗಿಯೇ ಎಣಿಸುವರು. ಚುಕ್ಕೆಜಿಂಕೆಯು ಕಾಡಂಚಿನ ತೆರಪುಗಳನ್ನು ಬಯಸುವುದು. ಕಡವೆಯು ಗುಡ್ಡದ ಒತ್ತುಗಾಡಿನದು. ಹಗಲು ಮೆಳೆಯಲ್ಲಿ ಮಲಗಿ ಇರುಳು ಮೇಯುವುದು. ಕಾಡುಕುರಿಯು ಮೆಳೆಯಿಂದ ಮೆಳೆಗೆ ನುಸುಳುವುದು. ಬಲಿತ ಗಂಡು ಕಡವೆಯು ೨೦೦ ರಿಂದ ೩೦೦ ಕಿಲೋಗ್ರಾಂ ತೂಗುವುದುಂಟು. ಆದರೂ ಸದ್ದಾದೊಡನೆ ಅದು ಇಳ್ಳಕ್ಕೆ ಇಳಿದು ಕಣ್ಮರೆಯಾಗುವ ಪರಿಯನ್ನು ಕಂಡವನು, ಕುದುರೆಯಿಂದ ಅದನ್ನು ಅಟ್ಟುವ ಮಾತನ್ನು ಆಡಲಾರನು. ಕುದುರೆಯ ಬೇಟೆಗೆ ಕೃಷ್ಣಸಾರವು ತಕ್ಕುದು. ಮಲೆಯ ಕಡವೆಗೆ ಹೊಂಚೂ ಸೋವೂ ತಕ್ಕುವು. ಕಾವ್ಯದ ಮೃಗವೇ ಬೇರೆ, ಮಲೆನಾಡಿನ ಮೃಗವೇ ಬೇರೆ.

೬

ನುಡಿಯ ಸಾಕ್ಷ್ಯವು ಇದನ್ನೇ ಸಮರ್ಥಿಸುವುದು. ‘ಕುದುರೆ’ಯೆಂಬ ಹೆಸರು ದಕ್ಷಿಣದ್ದೇ, ತಮಿಳಿನಲ್ಲಿಯೂ ಅದರ ಸೋದರರೂಪವುಂಟು. ಆದರೆ ಕುದುರೆಯ ಸಾಮಗ್ರಿಯ ಶಬ್ದಗಳು ಬಹುಮಟ್ಟಿಗೆ ಹೊರಗಿನಿಂದ ಬಂದುವು. ಹಳೆಯ ‘ಹಲ್ಲಣ’ವು ಸಂಸ್ಕೃತದ ಪರ್ಯಾಣದಿಂದ ಪ್ರಾಕೃತದ ಮೂಲಕ ಬಂದುದು. ಜೀನು, ಲಗಾಮು, ರಿಕಾಪು, ಚಾಬೂಕು, ಸವಾರ ಇವು ಪಾರಸಿಯವು. ಕುದುರೆಯಾಳಿಗೆ ಸಲ್ಲುವ ‘ರಾವುತ’ನೂ ರಾಜಪುತ್ರನ ತದ್ಭವನೇ. ಹೀಗೆ ಎರಡು ಅಲೆಗಳಲ್ಲಿ ಕುದುರೆಯ ಸಂಸ್ಕೃತಿಯು ನಾಡಿಗೆ ಬಂದಿತೆಂಬುದಕ್ಕೆ ಶಬ್ದಗಳೇ ಶಾಸನಗಳಾಗಿವೆ. ಶಿಕಾರಿಪುರದ ಹೆಸರು ಎರಡನೆಯ ಅಲೆಗೆ ಸೇರಿದುದು.

ಇದಕ್ಕೆ ಪ್ರತಿಯಾಗಿ ಕಾಲುನಡಗೆಯ ಬೇಟೆಯ ಮಾತುಗಳು ಅಚ್ಚಗನ್ನಡದವು: ಬೇಂಟೆ, ಬಲೆ, ಅಂಬು, ನಾಯಿ, ಸೋವು, ಹಳು. ಕಾಡನ್ನು ಹೊಕ್ಕು ಕೂಗುತ್ತ ಮೃಗವನ್ನು ಎಬ್ಬಿಸಿ ಅಟ್ಟುವುದಕ್ಕೆ ಮಲೆನಾಡಿನಲ್ಲಿ ಹಳು ನುಗ್ಗುವುದೆಂದೂ ಸೋಯುವುದೆಂದೂ ಹೇಳುವರು. ಎಲ್ಲಕ್ಕಿಂತ ಸ್ವಾರಸ್ಯವಾದುದು ‘ಬಿಲ್ಲು’ ಎಂಬ ಮಾತು. ಕೋವಿಯನ್ನು ಹಿಡಿದ ಬೇಟೆಗಾರನು ಮೃಗವು ಹಾಯುವ ದಾರಿಯಲ್ಲಿ ಕಾದುನಿಲ್ಲುವ ಸ್ಥಳಕ್ಕೆ ಅಲ್ಲಿ ಬಿಲ್ಲೆಂದು ಹೆಸರು. ಬಿಲ್ಲಿಗೆ ನಿಲ್ಲುವುದು, ಬಿಲ್ಲಿಗೆ ಕೂರುವುದು ಎಂಬ ಪ್ರಯೋಗಗಳುಂಟು. ಆಯುಧವು ಬದಲಾಗಿ ಬಿಲ್ಲಿನ ಎಡೆಗೆ ಕೋವಿ ಬಂದ ಮೇಲೆಯೂ ನಿಂತ ನೆಲಕ್ಕೆ ಬಿಲ್ಲಿನ ಹೆಸರೇ ಉಳಿಯಿತು. ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯವರಾದ ಕುವೆಂಪುರವರ ಮಲೆನಾಡಿನ ಚಿತ್ರಗಳು (೧೯೩೩), ಕಾನೂರು ಹೆಗ್ಗಡಿತಿ (೧೯೩೬) ಇವುಗಳಲ್ಲಿ ಬರುವ ಬೇಟೆಗಳೂ ನಾಯಿ, ಕೋವಿ, ಹಳುವಿನವರು ಕೂಡಿದ ಕಾಲುನಡಗೆಯ ಬೇಟೆಗಳೇ.

ಇನ್ನೊಂದು ಶಬ್ದವನ್ನೂ ಇಲ್ಲಿ ನೆನೆಯಬೇಕು. ದೀವರೆಂದೂ ಕರೆಯಲ್ಪಡುವ ಮಲೆನಾಡಿನ ಜನಸಮುದಾಯಕ್ಕೆ ಹಳೆಪೈಕರೆಂಬ ಹೆಸರುಂಟು. ‘ಪೈಕ’ವು ಪದಾತಿವಾಚಕವಾದ ಪ್ರಾಕೃತಶಬ್ದದಿಂದ ಬಂದುದು, ಹಳೆಯ ಕಾಲಾಳುಗಳೆಂದು ಅದರ ಅರ್ಥ. ಹಿಂದಿನ ಅರಸರ ಕಾಲಾಳುಪಡೆಯಲ್ಲಿ ಇವರದೇ ದೊಡ್ಡ ಪಾಲೆಂದು ಗ್ಯಾಸೆಟಿಯರುಗಳು ವಿವರಿಸಿರುವುವು. ಯುದ್ಧದಲ್ಲಿಯೂ ಮಲೆಯು ಕಾಲಾಳನ್ನು ನಂಬಿದ್ದಿತು. ಬೇಟೆಯಲ್ಲಿ ಅದನ್ನು ಬಿಟ್ಟು ಬೇರೆಯ ದಾರಿಯಿರಲಿಲ್ಲ.

೭

ಶಿಲ್ಪಶಾಸನಗಳಲ್ಲಿ ಎರಡು ನಿದರ್ಶನಗಳು ವಿಶೇಷವಾಗಿ ವಿಚಾರಾರ್ಹವಾಗಿವೆ. ಮೊದಲನೆಯದು ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲೊಂದಾದ ಬೇಟೆಗಾತಿಯ ವಿಗ್ರಹ. ನೋಡುವವರ ದೃಷ್ಟಿಯು ಬಿಲ್ಲನ್ನು ಹಿಡಿದ ಸುಂದರಿಯಲ್ಲಿಯೇ ನೆಲಸುವುದು. ಆದರೆ ಅವಳ ಕಾಲಬಳಿಯ ಚಿಕ್ಕ ಆಕೃತಿಗಳನ್ನು ರಾವ್‌ಬಹದ್ದೂರ್ ಆರ್. ನರಸಿಂಹಾಚಾರ್ಯರು ತಮ್ಮ ಬೇಲೂರು ದೇವಾಲಯದ ಗ್ರಂಥದಲ್ಲಿ (೧೯೧೯) ಗುರುತಿಸಿರುವರು: ಒಂದು ಆಕೃತಿಯು ಬಿದಿರಿನ ದಬ್ಬೆಯನ್ನು ಹೊತ್ತಿದೆ, ಅದರ ಒಂದು ತುದಿಗೆ ಜಿಂಕೆಯನ್ನೂ ಇನ್ನೊಂದು ತುದಿಗೆ ಕೊಕ್ಕರೆಯನ್ನೂ ಕಟ್ಟಿದೆ, ಇನ್ನೊಂದರ ಕಾಲಿಗೆ ನೆಟ್ಟ ಮುಳ್ಳನ್ನು ಕುಳಿತವರೊಬ್ಬರು ಸೂಜಿಯಿಂದ ಕೀಳುತ್ತಿರುವರು. ದೇವಾಲಯದ ಹೊರಗೋಡೆಗಳಲ್ಲಿ ಕುದುರೆಗಳ ಸಾಲನ್ನು ಕೆತ್ತುವುದಕ್ಕೆ ಹೊಯ್ಸಳರ ರೂವಾರಿಗಳು ಎಂದೂ ಬೇಸರಪಟ್ಟವರಲ್ಲ. ಹಳೇಬೀಡಿನ ರಾವುತರ ಪಟ್ಟಿಕೆಯನ್ನು ಯಾರು ತಾನೆ ಅರಿಯರು? ಆದರೂ ಬೇಟೆಯಿಂದ ಜಿಂಕೆಯನ್ನು ತರುವ ಸಂದರ್ಭವು ಬಂದಾಗ ಉಳಿಯು ಕೆತ್ತಿದುದು ಮನುಷ್ಯನ ಹೆಗಲನ್ನು ಮತ್ತು ಮುಳ್ಳು ನೆಟ್ಟ ಕಾಲನ್ನು. ಶಾಸ್ತ್ರಕಾರನು ಮುಳ್ಳಿಲ್ಲದ ವನವನ್ನು ವಿಧಿಸಿದನು. ರೂವಾರಿಯು ಮುಳ್ಳುಳ್ಳ ವನವನ್ನು ಕಂಡಿದ್ದನು.

ಎರಡನೆಯದು ಮಂಡ್ಯದ ಸೀಮೆಯ ಆತಕೂರಿನ ಶಾಸನ. ಶಕ ೮೭೨ರ (ಕ್ರಿ. ಶ. ೯೪೯–೫೦) ಈ ಕಲ್ಲಿನಲ್ಲಿ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನು ಮೆಚ್ಚುಗೆಯಾಗಿ ತನ್ನ ಒಡೆಯನಿಂದ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಆ ನಾಯಿಯು ದೊಡ್ಡ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತೆಂದೂ, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಪೂಜೆಗೆ ಭೂಮಿಯನ್ನು ಬಿಟ್ಟರೆಂದೂ ಹೇಳಿದೆ. ಇದು ಜಿಂಕೆಯ ಬೇಟೆಯಲ್ಲ, ಹಂದಿಯ ಬೇಟೆ. ಆದರೂ ಕಾಡಿನ ಬೇಟೆಯಲ್ಲಿ ಮನುಷ್ಯನಿಗೆ ಯಾವ ಪ್ರಾಣಿಯು ನಿಜವಾದ ಸಂಗಾತಿಯಾಗಿದ್ದಿತೆಂಬುದನ್ನು ಇದು ನಿಸ್ಸಂದೇಹವಾಗಿ ತಿಳಿಸುವುದು. ಯುದ್ಧವೀರನೊಬ್ಬನು ಬೇಡಿದುದು ಕುದುರೆಯನ್ನಲ್ಲ, ನಾಯಿಯನ್ನು.

೮

ಇನ್ನು ಹೇಸರಗತ್ತೆಯ ವಿಚಾರ. ವೇದಕಾಲದಿಂದಲೂ ಈ ಪ್ರಾಣಿಯು ಪರಿಚಿತವಾದುದೇ. ಛಾಂದೋಗ್ಯದಲ್ಲಿ ಜಾನಶ್ರುತಿಯು ರೈಕ್ವನಿಗೆ ಅರ್ಪಿಸಿದ ವಸ್ತುಗಳಲ್ಲಿ ಅಶ್ವತರಿಗಳನ್ನು ಹೂಡಿದ ರಥವೂ ಇದ್ದಿತು. ಸಂಸ್ಕೃತದಲ್ಲಿ ಇದಕ್ಕೆ ವೇಸರವೆಂಬ ಇನ್ನೊಂದು ಹೆಸರುಂಟು. ಕನ್ನಡದ ‘ಹೇಸರ’ವು ಅದರಿಂದಲೇ ಬಂದುದೆಂದು ತಿಳಿಯಲು ಅವಕಾಶವಿದೆ. ನಾಗರದ್ರಾವಿಡಗಳ ಬೆರಕೆಯ ದೇವಾಲಯಶೈಲಿಗೆ ವೇಸರವೆಂಬ ಹೆಸರು ಬಂದುದು ಈ ಬೆರಕೆಪ್ರಾಣಿಯ ಸಾದೃಶ್ಯದಿಂದಲೇ ಎಂದು ಕೆಲವರು ವ್ಯಾಖ್ಯಾನಿಸುವರು. ಆ ವ್ಯಾಖ್ಯಾನವು ಸರಿಯಾದರೆ, ಶಿಕಾರಿಪುರದ ಸೀಮೆಯ ಬಳ್ಳಿಗಾವೆಯ ಕೇದಾರೇಶ್ವರನ ಗುಡಿಯನ್ನು ವೇಸರವೆಂದು ಹೆಸರಿಸುವಾಗಲೆಲ್ಲ ವಿದ್ವಾಂಸರು ತಿಳಿಯದೆಯೇ ಹೇಸರಗತ್ತೆಯನ್ನು ನೆನೆಯುವರು.

ಆದರೆ ಹೆಸರು ಬಂದ ಕಡೆಗೆಲ್ಲ ಪ್ರಾಣಿಯು ಬರಲಿಲ್ಲ. ಇದಕ್ಕೆ ಕಾರಣಗಳು ಊಹಿಸಲಾಗದವಲ್ಲ. ಹೇಸರಗತ್ತೆಗೆ ಸಂತಾನವಿಲ್ಲ, ಪ್ರತಿಯೊಂದನ್ನೂ ಗಂಡುಕತ್ತೆ ಹೆಣ್ಣುಗುದುರೆಗಳ ಕೂಟದಿಂದ ಹೊಸದಾಗಿ ಪಡೆಯಬೇಕು. ಕುದುರೆಯೇ ದುರ್ಲಭವಾದ ನಾಡಿನಲ್ಲಿ ಹೆಣ್ಣುಗುದುರೆಯನ್ನು ಕತ್ತೆಗೆ ಕೂಡಿಸಲು ಯಾರ ಮನಸ್ಸು ಒಪ್ಪೀತು? ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುವುದು ಅಪರಾಧಿಗೆ ವಿಧಿಸುವ ಅವಮಾನವಾಗಿದ್ದ ಸಮಾಜದಲ್ಲಿ ಆ ಪ್ರಾಣಿಯ ಸಂತಾನಕ್ಕೂ ಗೌರವವು ದೊರೆಯುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಹೇಸರಗತ್ತೆಯು ಮಾಡಬಹುದಾಗಿದ್ದ ಕೆಲಸವನ್ನು ಎತ್ತು ಮಾಡುತ್ತಿದ್ದಿತು. ಘಟ್ಟದ ಮೇಲಕ್ಕೆ ಉಪ್ಪು, ಕೆಳಕ್ಕೆ ಅಕ್ಕಿ ಮೆಣಸುಗಳು ಹೇರಿನ ಎತ್ತುಗಳ ಬೆನ್ನಿನ ಮೇಲೆಯೇ ಸಾಗಿದುವು. ಹದಿನೆಂಟನೆಯ ಶತಮಾನದ ಮೈಸೂರು ಯುದ್ಧಗಳಲ್ಲಿ ದಂಡಿಗೆ ಧಾನ್ಯವನ್ನು ಒದಗಿಸಿದುದು ಲಂಬಾಣಿಗಳ ಎತ್ತಿನ ಹಿಂಡುಗಳು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಮುಂದೆ ಅಮೃತಮಹಲೆನಿಸಿತು. ಆ ತಳಿಯ ಎತ್ತುಗಳ ಬಲದಿಂದ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿಗಳನ್ನು ನಡೆದು ಚಿದಂಬರದ ನೆರವಿಗೆ ಹೋದನೆಂದು ರೈಸರವರು ಬರೆದಿರುವರು. ಅರಸರ ಬೇಟೆಯ ಬೀಡಿನ ಹೊರೆಯನ್ನೂ ಎತ್ತೇ ಹೊರುತ್ತಿದ್ದಿತೆಂದು ಊಹಿಸುವುದು ಇದರಿಂದ ಯುಕ್ತವಾಗುವುದು. ಬೀಡಿನಿಂದಾಚೆಗೆ, ಎತ್ತೂ ಹೋಗಲಾರದ ಇಳ್ಳಗಳಿಂದ ಮೃಗವನ್ನು ಮೇಲಕ್ಕೆ ತರುವ ಕೆಲಸವು ಮನುಷ್ಯನದಾಯಿತು.

೯

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಕೆಳದಿಯ ಅರಸರು ಮಲೆನಾಡಿನವರೇ, ಅವರಲ್ಲಿ ಬಸವಭೂಪಾಲನು ಶಕ ೧೬೩೧ರಲ್ಲಿ (ಕ್ರಿ. ಶ. ೧೭೦೯) ಮುಗಿಸಿದ ಶಿವತತ್ತ್ವರತ್ನಾಕರದಲ್ಲಿ ಅಶ್ವಶಾಸ್ತ್ರವೂ ಸೇರಿದೆ, ಆದುದರಿಂದ ಮಲೆನಾಡಿನಲ್ಲಿಯೂ ಕುದುರೆಯ ಬೇಟೆಯು ರೂಢವಾಗಿದ್ದಿರಬೇಕಲ್ಲವೇ ಎಂದು. ಒಂಬತ್ತು ಕಲ್ಲೋಲಗಳ, ನೂರೆಂಟು ತರಂಗಗಳ ಆ ಮಹಾಗ್ರಂಥವು ಸಕಲಶಾಸ್ತ್ರಗಳ ಸಂಗ್ರಹ. ಅದರಲ್ಲಿ ಹಿಂದಿನ ಗ್ರಂಥಗಳ ಜ್ಞಾನವು ಕ್ರಮವಾಗಿ ಅಡಕವಾಗಿರುವುದು. ಅರಸನು ಅಶ್ವಲಕ್ಷಣವನ್ನು ಬಲ್ಲನೆಂಬುದಕ್ಕೆ ಅದು ಪ್ರಮಾಣ. ಅವನ ನಾಡಿನ ಬೇಟೆಯು ಕುದುರೆಯ ಮೇಲೆ ನಡೆಯುತ್ತಿದ್ದಿತೆಂಬುದಕ್ಕೆ ಪ್ರಮಾಣವಲ್ಲ. ಕೆಳದಿಯ ಅರಸರಿಗೆ ಕುದುರೆಗಳಿದ್ದುವು, ಸವಾರರೂ ಇದ್ದರು. ಆ ನಾಡಿನ ಪೂರ್ವದ ಅಂಚು ಬಯಲಿಗೆ ತೆರೆದುಕೊಂಡಿದ್ದಿತು. ಅಲ್ಲಿ ಕುದುರೆಯ ಬೇಟೆಯೂ ನಡೆದಿರಬಹುದು.

ಶಿಕಾರಿಪುರದ ಐತಿಹ್ಯವೂ ಇದಕ್ಕೆ ವಿರೋಧವಾಗಿಲ್ಲ. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದ ಮೇಲೆ ಬಯಲುನಾಡಿನ ಸವಾರಪಡೆಯು ಈ ಸೀಮೆಗೆ ಬಂದಿತು. ಆದರೆ ಬೇಟೆಯ ಹೊಸ ಹೆಸರು ಉಳಿದುದು ಎಲ್ಲಿ? ನಗರದ ಕೋಟೆಯ ಸುತ್ತಣ ದಟ್ಟಮಲೆಯಲ್ಲಲ್ಲ, ಆಗುಂಬೆಯ ಘಟ್ಟದಲ್ಲಲ್ಲ. ಕಾಡು ತೆಳುವಾಗಿ ಬಯಲು ಮೊದಲಾಗುವ ಅರೆಮಲೆನಾಡಿನಲ್ಲಿ. ಕುದುರೆಯು ಎಲ್ಲಿಯವರೆಗೆ ಓಡಬಲ್ಲುದೋ ಅಲ್ಲಿಯವರೆಗೆ ಪಾರಸಿಯ ಹೆಸರು ನಡೆಯಿತು; ಅದರಿಂದಾಚೆಗೆ ಹಳು, ಸೋವು, ಬಿಲ್ಲುಗಳ ರಾಜ್ಯವು ಅಬಾಧಿತವಾಗಿ ಉಳಿಯಿತು.

೧೦

ಇದುವರೆಗೆ ವಿಚಾರಿಸಿದುದರಿಂದ ಫಲಿಸುವುದು ಇಷ್ಟು. ಕುದುರೆಯಿಂದ ಜಿಂಕೆಯನ್ನು ಅಟ್ಟುವುದು ಸಮಭೂಮಿಯ, ಕೃಷ್ಣಸಾರದ, ಅರಸರ ಸಂಪ್ರದಾಯ; ಅದು ಕಾವ್ಯದ ಮೂಲಕ ಮಲೆನಾಡಿನ ಓದುಗರ ಕಲ್ಪನೆಗೂ ಬಂದಿತು. ಕುದುರೆ ಹೇಸರಗತ್ತೆಗಳಿಂದ ಮೃಗವನ್ನು ಹೊರಿಸುವ ಪರದೇಶದ ಪದ್ಧತಿಯು ಇಲ್ಲಿ ಪರಿಶೀಲಿಸಿದ ಸಾಕ್ಷ್ಯಗಳಲ್ಲಿ ಕಾಣಬರುವುದಿಲ್ಲ. ಅಟ್ಟಿದವನೂ ಹೊತ್ತವನೂ ಕಾಲಾಳೇ. ಅವನಿಗೆ ಕಾವ್ಯದಲ್ಲಿ ದೊರೆತುದು ಅರಸನ ಹಿಂದಿನ ಒಂದು ಮೂಲೆ. ಶಿಲ್ಪದಲ್ಲಿ ದೊರೆತುದು ಸುಂದರಿಯ ಕಾಲಬಳಿಯ ಗೇಣುದ್ದದ ಎಡೆ. ಆದರೂ ಆ ಎಡೆಯಲ್ಲಿ ಅವನು ಸುಳ್ಳಾಗದೆ ನಿಂತಿರುವನು.

ಬೇಟೆಯ ಕಾಲವು ಈಗ ಮುಗಿದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದನ್ನು ನಿಷೇಧಿಸಿತು. ೧೯೭೪ರಲ್ಲಿ ಶೆಟ್ಟಿಹಳ್ಳಿಯ ಕಾಡೂ ಭದ್ರೆಯ ಕಾಡೂ ಅಭಯಾರಣ್ಯಗಳಾದುವು. ರಘುವಂಶದಲ್ಲಿ ತನ್ನ ಗಂಡಿಗೆ ಮೈಯನ್ನು ಅಡ್ಡವಾಗಿ ಒಡ್ಡಿ ನಿಂತ ಹೆಣ್ಣುಜಿಂಕೆಯನ್ನು ಕಂಡು ದಶರಥನು ಹೂಡಿದ ಬಾಣವನ್ನು ಇಳಿಸಿದನು. ಅವನಿಗೆ ಒಂದು ಗಳಿಗೆ ಮೂಡಿದ ಕರುಣೆಯು ಇಂದು ನಾಡಿನ ಕಾನೂನಾಗಿದೆ. ಇದು ಸಂತೋಷದ ಸಂಗತಿಯೇ. ಆದರೆ ಬೇಟೆಯೊಡನೆ ಅದರ ನುಡಿಯೂ, ಅದನ್ನು ನಡಸಿದವರ ನೆನಪೂ ಮರೆಯಾಗುತ್ತಿರುವುದು ನಷ್ಟದ ಸಂಗತಿ. ಹಳು, ಸೋವು, ದೀವ, ಬಿಲ್ಲು ಎಂಬ ಮಾತುಗಳ ಅರ್ಥವನ್ನು ಬಲ್ಲ ಹಿರಿಯರು ಮಲೆನಾಡಿನ ಮನೆಗಳಲ್ಲಿ ಇನ್ನೂ ಇರುವಾಗಲೇ ಅವರಿಂದ ಕೇಳಿ ಬರೆದಿಡುವುದು ವಿದ್ವಾಂಸರ ಕರ್ತವ್ಯವಾಗಿದೆ. ತರಗತಿಯಲ್ಲಿ ಮೃಗಯಾವರ್ಣನೆಯನ್ನು ಪಾಠ ಹೇಳುವ ಅಧ್ಯಾಪಕರು ಕುದುರೆಯ ವೇಗವನ್ನು ವಿವರಿಸಿದ ಬಳಿಕ, ಸತ್ತ ಜಿಂಕೆಯನ್ನು ಹೊತ್ತು ತಂದವರು ಯಾರೆಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ಬೇಲೂರಿನ ಆ ಚಿಕ್ಕ ಆಕೃತಿಗೆ ಸಲ್ಲಬೇಕಾದುದು ಸ್ವಲ್ಪಮಟ್ಟಿಗಾದರೂ ಸಂದಂತಾಗುವುದು.